ಒಂದನೇ ನಂಬರಿನ ಚೀಟಿ
ಮಲೇಶಿಯಾದ ಪೇರಾಕ್ ಕಡೆಯ ಒಂದು ಸಣ್ಣ ಊರಿನಲ್ಲಿ ಸುಹೈಮಿ ಚಿಕ್ಕಪ್ಪನವರು ಸರ್ಕಾರವನ್ನು ಬೈಯದ ದಿನವಿಲ್ಲ. ನಲ್ಲಿಯಲ್ಲಿ ಕೆಂಪು ನೀರು ಬಂದರೆ ಅದನ್ನು ಬಾಟಲಿಗೆ ತುಂಬಿಸಿ, ದೂರಿನ ಜೊತೆಗೇ ಕಚೇರಿಯ ಮೇಜಿನ ಮೇಲಿಟ್ಟು ಬರುತ್ತಾರೆ. ರಸ್ತೆ ಗುಂಡಿ ಬಿದ್ದಾಗ ಊರವರೆಲ್ಲ ಮಾಡುವಂತೆ ಇವರೂ ಅದರಲ್ಲಿ ಬಾಳೆಗಿಡ ನೆಟ್ಟರು. ಕೊನೆಗೆ ಡಾಂಬರಿನವರು ಬಂದಾಗ ಗಿಡ ಗೊನೆ ಹಾಕಿತ್ತು. "ಕಾಯಿ ಬಲೀಲಿ, ಆಮೇಲೆ ಬನ್ರಪ್ಪ" ಎಂದು ಅವರನ್ನು ಸಾಗಹಾಕಿ, ಮರುದಿನವೇ ಗುಂಡಿ ಮುಚ್ಚಿಲ್ಲವೆಂದು ಕಾಗದ ಬರೆದರು. ಆದರೆ ಅವರ ಹಳೆಯ ಜಗಳವೆಲ್ಲ ಸರ್ಕಾರಿ ದವಾಖಾನೆಯ ಜೊತೆಗೆ. ಸಕ್ಕರೆ ಕಾಯಿಲೆಯ ಮಾತ್ರೆಗೆಂದು ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತರೂ ಮಧ್ಯಾಹ್ನದವರೆಗೆ ಅವರ ಸರದಿ ಬರುವುದಿಲ್ಲ. "ಐದು ಗಂಟೆಯಿಂದ ಕೂತಿದೀನಿ. ಮೊಟ್ಟೆ ಮೇಲೆ ಕೂತಿದ್ರೆ ಇಷ್ಟೊತ್ತಿಗೆ ಮರಿ ಆಗಿರೋದು" ಎಂದು ಕೌಂಟರಿನ ರೊಹಾಯುವಿನ ಮೇಲೆ ರೇಗುತ್ತಾರೆ. "ಬೆಳಿಗ್ಗೆ ಒಂದನೇ ನಂಬರು ನಿಮಗೇ ಕೊಟ್ಟಿದ್ನಲ್ಲ ಚಿಕ್ಕಪ್ಪ, ಎಲ್ಲಿ ಅದು?" ಎಂದು ಅವಳು ಕೇಳಿದರೆ ಇವರ ದನಿ ತಗ್ಗುತ್ತದೆ. "ಯಾರೋ ಹುಡುಗಿ ಜ್ವರದ ಮಗು ಎತ್ಕೊಂಡು ಬಂದಿದ್ಲು, ಅವಳ ನಲವತ್ತಕ್ಕೆ ಬದಲು ಮಾಡ್ಕೊಂಡೆ. ಆಮೇಲೆ ಕೋಲೂರ್ಕೊಂಡು ಒಬ್ಬ ಮುದುಕ ಬಂದ. ಈಗಿರೋದು ತೊಂಬತ್ಮೂರು. ಅದಿರಲಿ, ದೂರಿನ ಪುಸ್ತಕ ಕೊಡು. ಹೀಗೆ ಕಾಯಿಸಿದ್ರೆ ಜನ ಬದುಕೋದು ಹೇಗೆ?" ಪುಸ್ತಕದ ಮೇಲೆ ಬಗ್ಗಿ ಬರೆಯುತ್ತಿರುವಾಗಲೇ ತುಂಬು ಬಸುರಿಯೊಬ್ಬಳು ಏದುಸಿರು ಬಿಡುತ್ತ ಒಳಗೆ ಬರುತ್ತಾಳೆ, ಚಿಕ್ಕಪ್ಪನವರ ಎಡಗೈ ಆಗಲೇ ಜೇಬಿನಲ್ಲಿ ಚೀಟಿ ಹುಡುಕುತ್ತಿರುತ್ತದೆ.