ಅಂಚು ಕತ್ತರಿಸದ ಫೋಟೊ

ದಲ್ಲಾಳಿ ಎಂಬ ಮಾತೆತ್ತಿದರೆ ಸಾಕು, ಕ್ಲಿಕ್ಕಣ್ಣನಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ವಯಸ್ಸಿನಲ್ಲಿದ್ದಾಗ ಅಂಥವನೊಬ್ಬನ ಕೈಗೆ ಫೋಟೊ ಕೊಟ್ಟು, ತಾನು ತೆಗೆದ ಚಿತ್ರದ ಕೆಳಗೆ ಇನ್ಯಾರದೋ ಹೆಸರು ಅಚ್ಚಾದದ್ದನ್ನು ಕಣ್ಣಾರೆ ಕಂಡಿದ್ದ. ಅಂದಿನಿಂದ ಚೀಲ ಹೆಗಲಿಗೇರಿಸಿ ತಾನೇ ಪ್ರಕಾಶಕರ ಬಾಗಿಲಿಗೆ ಹೋಗುತ್ತಿದ್ದ. ಪಠ್ಯಪುಸ್ತಕಕ್ಕೆ ಸೇತುವೆ, ಕ್ಯಾಲೆಂಡರಿಗೆ ಬೆಕ್ಕಿನ ಮರಿ, ವಾರಪತ್ರಿಕೆಗೆ ಬೀದಿ ಜಗಳ. ಪ್ರತಿ ಪ್ರಿಂಟಿನ ಬೆನ್ನಿಗೂ ತನ್ನ ಹೆಸರು, ಫೋಟೊ ಅಂಗಡಿಯ ವಿಳಾಸದ ಮೊಹರು. "ಹೊಗಳೋದಾದ್ರೂ ಬೈಯೋದಾದ್ರೂ ನೇರವಾಗಿ ನನ್ನ ಹತ್ರಾನೇ ಬನ್ನಿ" ಎನ್ನುತ್ತಿದ್ದ. ಸಂಪಾದಕರು ಅಂಚು ಕತ್ತರಿಸುತ್ತೇವೆ ಅಂದರೆ ಮಾತ್ರ ಚೀಲ ಮುಚ್ಚಿ ಎದ್ದೇಬಿಡುವನು. "ಅಂಚಲ್ಲಿರೋನೂ ಮನುಷ್ಯನೇ ಕಣ್ರೀ!"

ಅಂಥವನ ಕೈಗೇ ಒಂದು ದಿನ ಕತ್ತರಿ ಬಂತು ನೋಡಿ.

ಹಿಂದಿನ ದಿನ ಗೋದಾಮಿನ ಹಿಂದೆ, ಮಾಲೀಕನಿಗೆ ಎದುರು ಮಾತಾಡಿದ ಹಮಾಲಿಯೊಬ್ಬನನ್ನು ಆ ಮಾಲೀಕನ ಕಡೆಯವರು ಅಟ್ಟಾಡಿಸಿಕೊಂಡು ಬಡಿದಿದ್ದರು. ದವಡೆ ಮುರಿದಿತ್ತು, ಮೂಟೆಗಳ ಮೇಲೆಲ್ಲ ರಕ್ತ. ಬೆಳಗಾಗುವುದರೊಳಗೆ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟ. ಕಂಡವರು ಯಾರೂ ಬಾಯಿ ಬಿಡಲಿಲ್ಲ. ಎದುರಿನ ಮಹಡಿ ಮೆಟ್ಟಿಲಿನಿಂದ ಕ್ಲಿಕ್ಕಣ್ಣ ತೆಗೆದ ಒಂದೇ ಒಂದು ಫೋಟೊ ಸಾಕ್ಷಿ. ಕತ್ತಲೆ ಕೋಣೆಯ ಟ್ರೇನಲ್ಲಿ ಕಾಗದ ಅದ್ದಿದಾಗ, ಎಡ ಅಂಚಿನಲ್ಲಿ ಕಬ್ಬಿಣದ ರಾಡು ಎತ್ತಿ ನಿಂತವನ ಮುಖ ನಿಧಾನವಾಗಿ ಮೂಡಿತು. ಒಡಹುಟ್ಟಿದ ತಂಗಿಯ ಗಂಡ!

ಅಷ್ಟರಲ್ಲಿ ತಂಗಿ ಓಡೋಡಿ ಬಂದಳು. ಮೆಟ್ಟಿಲ ಮೇಲಿದ್ದ ಕ್ಲಿಕ್ಕಣ್ಣನನ್ನು ಅವಳ ಗಂಡ ನೋಡಿಬಿಟ್ಟಿದ್ದನಂತೆ.

"ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ, ಆ ಅಂಚು ಒಂಚೂರು ಕತ್ತರಿಸ್ಬಿಡು. ಮಿಕ್ಕಿದ್ದನ್ನ ಯಾರಿಗಾದ್ರೂ ಮಾರ್ಕೋ. ಇಲ್ದಿದ್ರೆ ಅವರು ನನ್ನನ್ನ ಉಳಿಸಲ್ಲ."

ಆ ಸೆಕೆಯಲ್ಲೂ ಕುತ್ತಿಗೆಗೆ ಶಾಲು ಸುತ್ತಿಕೊಂಡಿದ್ದಳು. ಅದು ಜಾರಿದಾಗ ನೀಲಿಗಟ್ಟಿದ ಬೆರಳಿನ ಗುರುತುಗಳು ಕಂಡವು. ಸಂಪಾದಕರಿಗೆಲ್ಲ ಬುದ್ಧಿ ಹೇಳಿದ ಪುಣ್ಯಾತ್ಮ ಕತ್ತರಿ ಕೈಗೆತ್ತಿಕೊಂಡ.

ಅದು ಅಂಚಿಗೆ ತಾಗುವ ಮೊದಲೇ ಬಾಗಿಲು ಒದ್ದುಕೊಂಡು ಅವಳ ಗಂಡ ಒಳನುಗ್ಗಿದ.

"ನೆಗೆಟಿವ್ ಎಲ್ಲಿ ಭಾವಾ?"

ಆಹಾ, ಏನು ಮರ್ಯಾದೆ! ಮರುಕ್ಷಣ ಪ್ರಿಂಟು ಕಿತ್ತುಕೊಂಡು ಭಾವನ ತಲೆಯನ್ನು ಗೋಡೆಗೆ ಘಟ್ಟಿಸಿದ. ದಾರಕ್ಕೆ ಒಣಹಾಕಿದ್ದ ನೆಗೆಟಿವ್ ಕಣ್ಣಿಗೆ ಬಿತ್ತು. ಕಡ್ಡಿ ಗೀರಿ ಸುಟ್ಟೇಬಿಟ್ಟ. ಅಷ್ಟಕ್ಕೇ ಸುಮ್ಮನಾದನೇ? ಪಾಸ್‌ಪೋರ್ಟ್ ಫೋಟೊಕ್ಕೆಂದು ಬಿಳಿ ಪರದೆಯ ಮುಂದಿಟ್ಟಿದ್ದ ಸ್ಟೂಲಿನ ಮೇಲೆ ಅವನನ್ನು ಕುಕ್ಕಿ, ಮುಖಕ್ಕೆ ಗುದ್ದಿದ. ಹಲ್ಲೊಂದು ಉದುರಿತು.

"ಕ್ಲಿಕ್ ಮಾಡೋದು ಈ ಬೆರಳಲ್ಲೇ ಅಲ್ವಾ?" ಎಂದು ತೋರುಬೆರಳನ್ನು ಹಿಂದಕ್ಕೆ ಬಗ್ಗಿಸಿದ. ಲಟಕ್ಕೆಂದಿತು. ಕ್ಲಿಕ್ಕಣ್ಣ ಗೋಳಿಟ್ಟ.

ಗಂಡ ಪ್ರಿಂಟನ್ನು ಎತ್ತಿ ಹೆಂಡತಿಯ ಕಡೆ ಅಗಲವಾಗಿ ಹಿಡಿದ. "ನೋಡೇ, ನಿನ್ನಣ್ಣ ಇದನ್ನ ಮಾರ್ತಾನಂತೆ!"

ಛಟ್ಟನೆ ಬೆಳಕು ಮಿಂಚಿತು.

ಟ್ರೈಪಾಡಿನ ಹಿಂದೆ ಅವಳು ನಿಂತಿದ್ದಳು. ಅಣ್ಣನ ಕ್ಯಾಮೆರಾಕ್ಕೆ ರೀಲು ತುಂಬಿಸುತ್ತಲೇ ಬೆಳೆದವಳು. "ಅಲ್ಲಾಡಬೇಡಿ" ಎಂದಳು, ಅಣ್ಣ ಗಿರಾಕಿಗಳಿಗೆ ಹೇಳುವ ಹಾಗೇ. "ಗದ್ದ ಸ್ವಲ್ಪ ಮೇಲೆ." ಮತ್ತೊಮ್ಮೆ ಮಿಂಚಿತು.

ಗಂಡ ಪ್ರಿಂಟನ್ನು ಚೂರುಚೂರು ಮಾಡಿ ಅವಳ ಮೇಲೆ ಎರಗುವಷ್ಟರಲ್ಲಿ ಕ್ಲಿಕ್ಕಣ್ಣ ಅವನ ಕಾಲು ತಬ್ಬಿಕೊಂಡ. ಪಕ್ಕೆಗೆ, ಬೆನ್ನಿಗೆ ಒದೆಗಳು ಬಿದ್ದವು, ಬಿಡಲಿಲ್ಲ. ಅವಳು ಕ್ಯಾಮೆರಾ ಎದೆಗವಚಿಕೊಂಡು ಬೀದಿಗೆ ಓಡಿದಳು. "ಅಯ್ಯೋ, ಅಣ್ಣನ್ನ ಕೊಲ್ತಿದಾನೆ, ಬನ್ರೋ!" ಎದುರಿನ ಸೈಕಲ್ ರಿಪೇರಿಯವನು ಸ್ಪ್ಯಾನರ್ ಹಿಡಿದೇ ಓಡಿಬಂದ. ಗಂಡ ಹಿತ್ತಲ ಬಾಗಿಲಿನಿಂದ ಪರಾರಿಯಾದ.

ಆ ರೀಲನ್ನು ತಂಗಿಯೇ ತೊಳೆದು ಪ್ರಿಂಟು ಹಾಕಿದಳು. ಕೈಗೆ ಪಟ್ಟಿ ಕಟ್ಟಿಸಿಕೊಂಡ ಅಣ್ಣನನ್ನು ಕರೆದುಕೊಂಡು ವಾರಪತ್ರಿಕೆಯ ಸಂಪಾದಕರ ಮುಂದೆ ಹೋಗಿ ಕೂತಳು. ಫೋಟೊದ ನಡುವೆ ರಕ್ತ ಸೋರುವ ಕ್ಲಿಕ್ಕಣ್ಣ, ಅವನ ಮೇಲೆ ಹಲ್ಲು ಕಡಿದು ನಿಂತ ಗಂಡ. ಎಡ ಅಂಚಿನಲ್ಲಿ, ಎತ್ತಿದ ಕೈಯಲ್ಲಿ, ಏಟು ತಿನ್ನುತ್ತಿದ್ದ ಹಮಾಲಿಯ ಆ ಪ್ರಿಂಟು. ಅದರಲ್ಲೂ ರಾಡು ಹಿಡಿದ ಅದೇ ಮುಖ.

"ಭೇಷ್! ಎಡಗಡೆ ಒಂಚೂರು ಕತ್ತರಿಸಿದ್ರೆ ಮುಖಪುಟಕ್ಕೇ ಸರಿಹೋಗುತ್ತೆ" ಎಂದರು ಸಂಪಾದಕರು.

ಕ್ಲಿಕ್ಕಣ್ಣ ಊದಿದ ಬಾಯಿ ತೆರೆಯುವ ಮೊದಲೇ ತಂಗಿ ಫೋಟೊ ಎಳೆದುಕೊಂಡಳು. "ಅಂಚು ಮುಟ್ಟೋದಾದ್ರೆ ನಾವು ಎದ್ವಿ. ಅಂಚಲ್ಲಿರೋನು ಸತ್ತೇಹೋಗಿದಾನೆ ಕಣ್ರೀ."

"ಆಯ್ತಮ್ಮ, ಆಯ್ತು. ಯಾರ ಹೆಸರು ಹಾಕ್ಲಿ?"

ಅವಳು ಫೋಟೊದ ಬೆನ್ನು ತೋರಿಸಿದಳು. ಮೊಹರಿನಲ್ಲಿ ಅಣ್ಣನ ಹೆಸರಿನ ಮೇಲೆ ಗೀಟು ಎಳೆದು ತನ್ನದನ್ನು ಬರೆದಿದ್ದಳು. ಅಂಗಡಿಯ ವಿಳಾಸ ಹಾಗೇ ಇತ್ತು.

"ಅದನ್ನೂ ಅಚ್ಚು ಹಾಕಿ" ಎಂದಳು. "ಇನ್ಮೇಲೆ ನಾನಿರೋದು ಅಲ್ಲೇ. ಯಾರು ಹುಡುಕ್ಕೊಂಡು ಬರ್ತಾರೋ ಬರ್ಲಿ."