ಸೋಮವಾರದ ಬಿಳಿ ಪುಡಿ

ನಮ್ಮ ನಾಯಿಗೆ ಮೊದಲ ಸಲ ಫಿಟ್ಸ್ ಬಂದಾಗ ನಾನು ಅನುಮಾನಪಟ್ಟಿದ್ದು ಪಕ್ಕದ ಮನೆಯವಳನ್ನು. ಆ ಅನುಮಾನವನ್ನು ನನ್ನ ತಲೆಗೆ ತುಂಬಿದ್ದು ಅಪ್ಪ. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಿಟ್ಟುವಳ್ಳಿ ಬಡಾವಣೆಯ ಮನೆಯಲ್ಲಿ ಇದ್ದದ್ದು ಅಪ್ಪ, ನಾನು ಮತ್ತು ಕಂದು ಬಣ್ಣದ ಒಂದು ನಾಡುನಾಯಿ. ನಾನು ದಿನಾ ಬಸ್ಸು ಹಿಡಿದು ಹರಿಹರದ ಕಚೇರಿಗೆ ಹೋಗಿ ಸಂಜೆ ಬರುತ್ತಿದ್ದೆ. ಹಗಲೆಲ್ಲ ನಾಯಿ ಅಪ್ಪನದೇ. ಒಂದು ಸೋಮವಾರ ಸಂಜೆ ನಾನಿನ್ನೂ ಚಪ್ಪಲಿ ಬಿಡುತ್ತಿದ್ದೆ, ಅದು ದಡಕ್ಕನೆ ಪಕ್ಕಕ್ಕೆ ಉರುಳಿತು. ಕಾಲು ಸೆಟೆದುಕೊಂಡವು, ಬಾಯಲ್ಲಿ ನೊರೆ ಬಂತು. ಅಪ್ಪ ಬೀರುವಿನ ಕೀಲಿಗೊಂಚಲು ತಂದು, ಮನುಷ್ಯರಿಗೆ ಮಾಡುವಂತೆಯೇ, ಅದರ ಪಾದಕ್ಕೆ ಒತ್ತಿ ಹಿಡಿದ. ಇನ್ನೊಂದು ಕೈಯಲ್ಲಿ ಅದರ ತಲೆ ಸವರುತ್ತಿದ್ದ. ಅದನ್ನು ನೋಡಿ ನನಗೆ ಅಳು ಬಂತು.

ನಾಯಿ ಎದ್ದು ತೂರಾಡಿದ ಮೇಲೆ ಅಪ್ಪ ಕಾಂಪೌಂಡಿನ ಕಡೆ ನೋಡಿ, "ಆಕಿ ಏನೋ ಹಾಕ್ಯಾಳ" ಅಂದ. ಗೋಡೆಯಾಚೆಯವಳು ನನ್ನ ಕಾಲೇಜಿನ ಗೆಳತಿ. ಮದುವೆಯಾಗಿ ನಮ್ಮ ಪಕ್ಕದ ಮನೆಗೇ ಬಂದವಳು. ನಾಯಿ ಬಹಳ ಬೊಗಳುತ್ತದೆ ಎಂದು ಹಿಂದಿನ ವಾರವಷ್ಟೇ ಗೊಣಗಿದ್ದಳು.

ಮತ್ತೆರಡು ಸಲ ಬಂದ ಮೇಲೆ ಆಟೋ ಮಾಡಿಕೊಂಡು ಹರಿಹರದ ಪಶುವೈದ್ಯರ ಹತ್ತಿರ ಹೋದೆವು. ಅವರು ಇನ್ನೂ ಚಿಕ್ಕ ವಯಸ್ಸಿನವರು, ನಿಧಾನದವರು. ಫಿಟ್ಸ್ ಒಂದೇ ಕಾರಣಕ್ಕೆ ಬರುವುದಿಲ್ಲ ಎಂದರು. ತಲೆಗೆ ಪೆಟ್ಟು ಬಿದ್ದಿರಬಹುದು, ಡಿಸ್ಟೆಂಪರ್ ರೋಗ ಬಂದು ಹೋಗಿರಬಹುದು, ಲಿವರ್ ಕೆಟ್ಟಿರಬಹುದು, ಹುಟ್ಟಿನಿಂದಲೇ ಇರಬಹುದು, ಇಲ್ಲವೇ ವಿಷ. ಅಪ್ಪ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಮೈಗೆ ಏನಾರ ಪುಡಿ ಹಾಕ್ತೀರೇನ್ರಿ?" ವೈದ್ಯರು ಕೇಳಿದರು.

"ಇಲ್ರಿ" ಅಂದ ಅಪ್ಪ.

ವೈದ್ಯರು ಮಾತ್ರೆ ಬರೆದುಕೊಟ್ಟರು. ಬೆಳಗ್ಗೆ ಸಂಜೆ ಒಂದೊಂದು ತಪ್ಪಿಸಬಾರದು, ಹುಷಾರಾಯಿತೆಂದು ಒಮ್ಮೆಲೇ ನಿಲ್ಲಿಸಲೂ ಬಾರದು. ಫಿಟ್ಸ್ ಬಂದಾಗ ಬಾಯಿಗೆ ಕೈ ಹಾಕಬಾರದು, ನೀರು ಬಿಡಬಾರದು. ಐದು ನಿಮಿಷ ದಾಟಿದರೆ ತಡಮಾಡದೆ ಕರೆತರಬೇಕು. ಬಂದ ದಿನ, ಹೊತ್ತು ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ ಎಂದರು. ನನ್ನ ಕಿವಿಯಲ್ಲಿ ಉಳಿದದ್ದು ವಿಷ ಎಂಬ ಒಂದೇ ಪದ. ಮಾರನೆಯ ದಿನ ಗೋಡೆಯ ಪಕ್ಕ ನಿಂತು ಗೆಳತಿಗೆ ಬಾಯಿಗೆ ಬಂದಂತೆ ಅಂದೆ. ಅಪ್ಪ ಜಗಲಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ತಿಂಗಳ ಮೇಲೆ ಊಟದ ಬಿಡುವಿನಲ್ಲಿ ನೋಟ್‌ಬುಕ್ ತೋರಿಸಿಬಂದೆ. ವೈದ್ಯರು ಪ್ರತಿ ಸಾಲಿನ ಮೇಲೂ ಬೆರಳಿಟ್ಟರು: ಸೋಮವಾರ ಸಂಜೆ, ಮಂಗಳವಾರ ಬೆಳಗ್ಗೆ, ಮತ್ತೆ ಸೋಮವಾರ. ಸೋಮವಾರ ಮನೆಯಲ್ಲಿ ಏನು ನಡೆಯುತ್ತದೆ ಎಂದು ಕೇಳಿದರು. ಶಿವಪೂಜೆ ಬಿಟ್ಟರೆ ಏನಿಲ್ಲ ಎಂದು ನಕ್ಕೆ. ಆದರೂ ಮುಂದಿನ ಸೋಮವಾರ ಅರ್ಧ ದಿನ ರಜೆ ಹಾಕಿದೆ.

ಅಪ್ಪ ಲೋಕಿಕೆರೆಯವನು. ಅಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅವತ್ತು ಅವುಗಳ ಮೈ ತೊಳೆದು, ರಕ್ತ ಹೀರುವ ಉಣ್ಣೆ ಉದುರಲೆಂದು ಪುಡಿ ಹಾಕುತ್ತಿದ್ದರು. ಎತ್ತು ಮಾರಿ ಪಟ್ಟಣಕ್ಕೆ ಬಂದಿದ್ದರೂ ಅಪ್ಪನಿಗೆ ಸೋಮವಾರ ಬಿಟ್ಟಿರಲಿಲ್ಲ. ನಾನು ಹಿತ್ತಲಿಗೆ ಬಂದಾಗ, ಜೋಳದ ಚೀಲಕ್ಕೆ ಹುಳ ಬೀಳದಿರಲೆಂದು ಹಾಕುವ ಬಿಳಿ ಪುಡಿಯನ್ನು ಹಳೆ ಬನಿಯನ್ನಿನಲ್ಲಿ ಗಂಟು ಕಟ್ಟಿ ನಾಯಿಯ ಮೈಗೆ ತಟ್ಟುತ್ತಿದ್ದ. ನಾಯಿ ತಾನಾಗಿಯೇ ಮುಂಗಾಲು ಎತ್ತಿ ಕಂಕುಳು ಒಡ್ಡಿತು. ಆಮೇಲೆ ಕೂತು ಹೊಟ್ಟೆ ನೆಕ್ಕಿಕೊಂಡಿತು.

ಡಾಕ್ಟರಿಗೆ ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆ.

"ಪುಡಿ ಬಿಡಸ್ತಾರ ಅಂತ ಹೇಳಲಿಲ್ಲ. ಆಮ್ಯಾಲೆ ಉಣ್ಣೆಯಿಂದನ ಹಿಂಗಾಗೈತೆ ಅಂದ್ಕಂಡಿದ್ದೆ. ಎತ್ತಿಗೆ ಹಾಕಿದ್ರ ಒಂದಕ್ಕೂ ಏನೂ ಆಗಿರಲಿಲ್ಲ" ಅಂದ. ಬನಿಯನ್ನಿನ ಗಂಟು ಬಿಚ್ಚುತ್ತ, "ಪಕ್ಕದಾಕಿಗೆ ಹೇಳಬ್ಯಾಡ" ಅಂದ.

ಅವತ್ತೇ ಪುಡಿ ಬಿಡಿಸಿ ನಾಯಿಗೆ ಸೋಪು ಹಚ್ಚಿ ತೊಳೆದೆ. ಫಿಟ್ಸ್ ಕಡಿಮೆಯಾಗುತ್ತ ಬಂದು ನಿಂತವು; ವೈದ್ಯರು ಮಾತ್ರೆಯನ್ನು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಿದರು. ಡಾಕ್ಟರ ಮುಂದೆ ಹೇಳಿದ ಸುಳ್ಳನ್ನು ಹೇಗೋ ನುಂಗಿಕೊಂಡೆ. ಆದರೆ ನಾನು ಗೆಳತಿಯನ್ನು ಬೈಯುವಾಗ ಅಪ್ಪ ಜಗಲಿಯಲ್ಲಿ ಸುಮ್ಮನೆ ಕೂತಿದ್ದನಲ್ಲ, ಅದನ್ನು ನುಂಗಲಾಗಲಿಲ್ಲ.

ಅಪ್ಪನ ಮಾತು ಮೀರಿ ಗೆಳತಿಯ ಮನೆಗೆ ಹೋದೆ. ಹೊಸ್ತಿಲಾಚೆಯೇ ನಿಂತು ಎಲ್ಲ ಹೇಳಿದೆ. ಆಕೆಗೆ ಆಶ್ಚರ್ಯವೇ ಆಗಲಿಲ್ಲ.

"ಮಾಳಿಗೆ ಮ್ಯಾಲೆ ಬಟ್ಟೆ ಹಾಕುವಾಗ ಪ್ರತಿ ಸೋಮವಾರ ಕಾಣ್ತಿತ್ತು" ಅಂದಳು. "ನಿನಗೂ ಗೊತ್ತೈತೆ ಅಂದ್ಕಂಡಿದ್ದೆ. ಗೊತ್ತಿದ್ದೇ ನನ್ನ ಮ್ಯಾಲೆ ಹಾಕಿದಿ ಅಂತ."

ಒಳಗೆ ಬಾ ಅನ್ನಲಿಲ್ಲ. ನಾನೂ ಕಾಯದೆ ಮನೆಗೆ ಬಂದೆ. ಹಿತ್ತಲಲ್ಲಿ ನಾಯಿ ಬರಿಗೈಯಲ್ಲಿ ಕೂತಿದ್ದ ಅಪ್ಪನ ಮುಂದೆ ನಿಂತು ಮುಂಗಾಲು ಎತ್ತಿತ್ತು. ಅವತ್ತೂ ಸೋಮವಾರ.