ಗುರಮ್ಮತ್ತೆಯ ಉಪವಾಸ

ಇದು ೧೯೯೧ರಲ್ಲಿ ನಡೆದದ್ದು. ತೊಂಬತ್ತೆರಡೂ ಇರಬಹುದು. ದಿನಚರಿ ಬರೆಯುವ ರೂಢಿ ನನಗೆ ಓದುವ ದಿನಗಳಿಂದಲೂ ಇದೆ, ಆದರೆ ಆ ದಿನದ ಪುಟದಲ್ಲಿ ಬಚ್ಚಲು, ಕಿಟಕಿ, ಡಾಕ್ಟರು ಬರುವ ಹೊತ್ತು, ಇಂಥವೇ ಇವೆ. ನನಗೆ ಈಗ ಬೇಕಾದದ್ದು ಅದರಲ್ಲಿಲ್ಲ. ಹಾಗಾಗಿ ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ಅವತ್ತು ನಾವು ಬಸ್ಸಿನಲ್ಲಿ ಹೋದೆವು ಅಂತ ನಾನು, ಜೀಪಿನಲ್ಲಿ ಅಂತ ಅಣ್ಣ. ಜೇವರ್ಗಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದವಳು ನಾನು, ಕಣ್ಣಾರೆ ಕಂಡವರ ಮಾತನ್ನೂ ಒರೆಗೆ ಹಚ್ಚಿ ನೋಡಬೇಕು ಅಂತ ಹುಡುಗರಿಗೆ ಹೇಳಿದವಳು. ಆದರೆ ಮೇಜಿನ ಮೇಲೆ ಎರಡು ಖಾಲಿ ಕಪ್ಪುಗಳಿದ್ದವು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಗುರಮ್ಮತ್ತೆ ನಮ್ಮ ಅಪ್ಪನ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡು, ಮಕ್ಕಳಿಲ್ಲದೆ, ಮಾದನಹಿಪ್ಪರಗಾದ ತವರಿಗೆ ವಾಪಸು ಬಂದವಳು. ನಮ್ಮವ್ವ ಬೇಗ ಹೋದ ಮೇಲೆ ನನ್ನನ್ನೂ ಅಣ್ಣ ಶರಣಪ್ಪನನ್ನೂ ಬೆಳೆಸಿದವಳು ಅವಳೇ. ಓದು ಬರಹ ಬರುತ್ತಿರಲಿಲ್ಲ. ಆದರೆ ಒಂದು ಕೆಲಸಕ್ಕೆ ನಮ್ಮ ಬಳಗವೆಲ್ಲ ಅವಳನ್ನೇ ಕರೆಯುತ್ತಿತ್ತು. ಅದು ಮನೆ ನೋಡುವ ಕೆಲಸ.

ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಹೆಣ್ಣಿನವರು ಗಂಡಿನ ಮನೆಗೆ ಹೋಗಿ ನೋಡಿಕೊಂಡು ಬರುತ್ತಾರೆ. ಗಂಡಸರು ಪಡಸಾಲೆಯಲ್ಲಿ ಕೂತು ಹೊಲ, ಬಾವಿ, ಎತ್ತು ಎಂದು ಮಾತಾಡುತ್ತಿದ್ದರೆ ಅತ್ತೆ ಸೀದಾ ಅಡುಗೆಮನೆಗೆ ಹೋಗುತ್ತಿದ್ದಳು. "ಪಡಸಾಲಿ ಎಲ್ಲಾರದೂ ಛಂದ ಇರ್ತದ. ಸೊಸಿ ಕುಂಡ್ರೋ ಜಾಗಾ ನೋಡಬೇಕು" ಅನ್ನುವುದು ಅವಳ ಮಾತು. ಒಲೆಯ ಮುಂದಿದ್ದ ಸೊಸೆಯ ಪಕ್ಕ ಕೂತು ಕೇಳುತ್ತಿದ್ದಳು: "ತವರಿಗೆ ಹೋಗಿ ಎಷ್ಟ ದಿನ ಆತು ಬೇ?" ಆ ಸೊಸೆ ಏನು ಹೇಳುತ್ತಾಳೆ ಎಂಬುದು ಅವಳಿಗೆ ಮುಖ್ಯವಲ್ಲ. ಹೇಳುವ ಮುಂಚೆ ಗುರಮ್ಮತ್ತೆಯ ಬೆನ್ನ ಹಿಂದೆ ಯಾರು ನಿಂತಿದ್ದಾರೆ ಅಂತ ಕಣ್ಣು ಹಾಯಿಸಿದಳೋ ಇಲ್ಲವೋ, ಅದನ್ನು ನೋಡುತ್ತಿದ್ದಳು.

ಮನೆ ಹಿಡಿಸಲಿಲ್ಲ ಅಂತ ಅವರ ಮನೆಯಲ್ಲೇ ಕೂತು ಹೇಳಲು ಬರುವುದಿಲ್ಲ. ಹೊರಡುವ ಮುಂಚೆ ಚಹಾ ಬರುತ್ತಿತ್ತು. ಮನಸ್ಸಿಗೆ ಬಂದರೆ ಅತ್ತೆ ಕುಡಿಯುತ್ತಿದ್ದಳು. ಬರದಿದ್ದರೆ "ಇವತ್ತ ನಂದು ಉಪವಾಸ ಅದರಿ" ಎಂದು ಕೈಮುಗಿಯುತ್ತಿದ್ದಳು. ಜೊತೆಗೆ ಬಂದ ನಮ್ಮವರಿಗೆ ಅಷ್ಟೇ ಸಾಕಿತ್ತು. ಅತನೂರಿನ ಒಂದು ದೊಡ್ಡ ಮನೆಯಲ್ಲಿ ಹೀಗೇ ಅಂದಾಗ ಅಪ್ಪ ದಾರಿಯಲ್ಲಿ ರೇಗಿದನಂತೆ.

"ಯಕ್ಕಾ, ಮುಂಜಾನಿ ಮೂರು ರೊಟ್ಟಿ ತಿಂದು ಬಂದೀದಿ. ಇದ್ಯಾವ ಉಪವಾಸ?"

"ಆ ಮನಿ ನೋಡಿದ ಮ್ಯಾಲ ಹಿಡದೇನಿ ತಗೋ" ಅಂದಳಂತೆ.

ಅಂದಿನಿಂದ ನಮ್ಮ ಮನೆಯಲ್ಲಿ ಹುಳುಕು ಬದನೆಕಾಯಿ ಬಂದರೂ ಸರಿ, ಬಣ್ಣ ಹೋದ ಸೀರೆ ಬಂದರೂ ಸರಿ, "ಇದಕ್ಕ ಗುರಮ್ಮತ್ತಿ ಉಪವಾಸ" ಅನ್ನುವುದು ಮಾತಾಯಿತು.

ಮನೆ ನೋಡಲು ಹೋಗುವಾಗ ಅತ್ತೆ ಅಣ್ಣನನ್ನು ಕರೆದುಕೊಂಡು ಹೋಗುತ್ತಿದ್ದಳು. ಆಗ ಅವನಿಗೆ ಒಂಬತ್ತೋ ಹತ್ತೋ. ಕೊಟ್ಟ ಚಹಾ ಹಾಗೇ ಉಳಿದರೆ ಮನೆಯವರಿಗೆ ಅವಮಾನ ಅಲ್ಲವೇ? ಅದಕ್ಕೆ ಅವಳು ಕಪ್ಪು-ಬಸಿಯನ್ನು ಮೆಲ್ಲಗೆ ಅವನ ಕಡೆ ಸರಿಸುವಳು, ಅವನು ಕುಡಿದು ಮುಗಿಸುವನು. "ಅತ್ತಿ ಉಪವಾಸಂದ್ರ ನನಗ ಹಬ್ಬ" ಅಂತ ದೊಡ್ಡವನಾದ ಮೇಲೂ ಹೇಳಿ ನಗುತ್ತಿದ್ದ. ಮುಂದೆ ನನ್ನನ್ನು ಜೇವರ್ಗಿಗೆ ಕೊಡುವಾಗಲೂ ಜೊತೆಗೆ ಹೋಗಿದ್ದ, ಅವತ್ತು ಮಾತ್ರ ಅವನಿಗೆ ಏನೂ ಉಳಿಯಲಿಲ್ಲವಂತೆ. ಅತ್ತೆ ಎರಡು ಕಪ್ಪು ಕುಡಿದಿದ್ದಳು. ಆ ಮನೆಯಲ್ಲಿ ನಾನು ಬಾಳಿದ್ದೇನೆ, ಅವಳ ಲೆಕ್ಕ ತಪ್ಪಿರಲಿಲ್ಲ.

ಅಪ್ಪ ತೀರಿದ ಮೇಲೆ ಅಣ್ಣ ಆಳಂದಕ್ಕೆ ಬಂದು ಬಟ್ಟೆ ಅಂಗಡಿ ಹಾಕಿದ. ಅತ್ತೆಯೂ ಅವನ ಜೊತೆಗೇ ಬಂದಳು. ಎಪ್ಪತ್ತು ದಾಟಿದ ಮೇಲೆ ಅವಳಿಗೆ ಮರೆವು ಶುರುವಾಯಿತು. ಮೊದಲು ನಾವೆಲ್ಲ ಅರಳು ಮರಳು ಅಂತ ನಕ್ಕೆವು. ಆಮೇಲೆ ಅವಳು ಉರಿಯುವ ಸ್ಟೋವಿನ ಮೇಲೆ ಖಾಲಿ ಪಾತ್ರೆ ಇಟ್ಟು ಬೀದಿಗೆ ಇಳಿಯತೊಡಗಿದಳು. ಸೀದಾ ಬಸ್ ಸ್ಟ್ಯಾಂಡಿಗೆ ಹೋಗಿ ಸಿಕ್ಕ ಬಸ್ಸು ಹತ್ತುವಳು. ಎಲ್ಲಿಗೆ ಅಂತ ಕೇಳಿದರೆ "ಕರಜಗಿಗೆ ಮನಿ ನೋಡಾಕ ಹೊಂಟೇನಿ" ಅನ್ನುವಳು. ಒಮ್ಮೆ ಅಫಜಲಪುರದಲ್ಲಿ ಸಿಕ್ಕಳು. ಯಾರೋ ಪುಣ್ಯಾತ್ಮ ಕಂಡಕ್ಟರು ತನ್ನ ಬುತ್ತಿಯ ರೊಟ್ಟಿ ಕೊಟ್ಟು ಕೂರಿಸಿಕೊಂಡಿದ್ದ.

ಅಣ್ಣನ ಹೆಂಡತಿ, ನಮ್ಮ ವೈನಿ, ಬೆನ್ನಿನ ಆಪರೇಷನ್ ಆದವರು. ಅವರಿಗೆ ಅತ್ತೆಯನ್ನು ಎತ್ತುವುದಾಗಲಿ, ಅವಳ ಹಿಂದೆ ಓಡುವುದಾಗಲಿ ಆಗುತ್ತಿರಲಿಲ್ಲ. ನಾನು ಜೇವರ್ಗಿಗೆ ಕರೆತಂದು ಕೆಲವು ದಿನ ಇಟ್ಟುಕೊಂಡೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆ. ಹೊರಗಿನಿಂದ ಬೀಗ ಹಾಕಿ ಹೋಗಬೇಕಾಯಿತು. ಅವಳು ಒಳಗಿನಿಂದ ಬಾಗಿಲು ಬಡಿಯುವುದು ಓಣಿಗೆಲ್ಲ ಕೇಳುತ್ತಿತ್ತಂತೆ. ಅವಳನ್ನು ಮತ್ತೆ ಆಳಂದಕ್ಕೆ ಬಿಟ್ಟು ಬಂದೆ.

ಆಗ ಗುಲ್ಬರ್ಗಾದ ಒಂದು ನರ್ಸಿಂಗ್ ಹೋಮಿನ ಸುದ್ದಿ ಬಂತು. ಗಂಡ ಹೆಂಡತಿ ಇಬ್ಬರೂ ಡಾಕ್ಟರು. ಹಿಂಭಾಗದ ಕೋಣೆಗಳಲ್ಲಿ, ನೋಡಿಕೊಳ್ಳುವವರಿಲ್ಲದ ವಯಸ್ಸಾದ ಹೆಂಗಸರನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಿದ್ದರು. ಆ ಕಾಲಕ್ಕೆ ನಮ್ಮ ಕಡೆ ಅಂಥ ಜಾಗವನ್ನು ನಾನಂತೂ ಕೇಳಿರಲಿಲ್ಲ. ಮೊದಲು ಹೋಗಿ ನೋಡೋಣ, ಹಿಡಿಸಿದರೆ ಮುಂದಿನ ಮಾತು ಅಂತ ನಾನೂ ಅಣ್ಣನೂ ಅಂದುಕೊಂಡೆವು. ಅತ್ತೆಯನ್ನೂ ಒಮ್ಮೆ ಕರೆದುಕೊಂಡು ಬನ್ನಿ ಎಂದಿದ್ದರು ಡಾಕ್ಟರು.

ಆದರೆ ಅತ್ತೆ ಮನೆ ಬಿಟ್ಟು ಹೊರಡಬೇಕಲ್ಲ? ತಾನಾಗಿ ಓಡಿಹೋಗುವವಳು, ನಾವು ಬಾ ಅಂದರೆ ಕಂಬ ಹಿಡಿದು ನಿಲ್ಲುವಳು. ಆಗ "ಅತ್ತಿ, ಮನಿ ನೋಡಾಕ ಹೋಗಬೇಕು" ಅಂತ ನಮ್ಮಿಬ್ಬರಲ್ಲಿ ಯಾರೋ ಒಬ್ಬರು ಅಂದರು. ಅದು ಅಣ್ಣ ಅಂದದ್ದು ಎಂದು ನನ್ನ ನೆನಪು. ನೀನೇ ಅಂದದ್ದು ಎನ್ನುತ್ತಾನೆ ಅವನು. ಆ ಮಾತು ಕೇಳಿದ್ದೇ ತಡ, ಅತ್ತೆ ತಾನೇ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ಬಾಗಿಲಲ್ಲಿ ನಿಂತಳು. ತಿಂಗಳುಗಳಿಂದ ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ನೋಡಿರಲಿಲ್ಲ.

"ಕೊಡೋ ಹುಡುಗಿ ಯಾರ್ದಲೇ ಶರಣ್ಯಾ?"

"ನಮ್ಮ ಪೈಕಿನೇ ಅತ್ತಿ."

"ನಮ್ಮ ಪೈಕಿ ಅಂದ್ರ ಯಾರು? ಹೆಸರಿಲ್ಲೇನು ಆಕೀಗಿ?"

ಅಣ್ಣ ನನ್ನ ಕಡೆ ನೋಡಿದ. ನಾನು ಚೀಲದಲ್ಲಿ ಏನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದೆ.

ಜಾಗ ಸ್ವಚ್ಛವಿತ್ತು. ಫಿನಾಯಿಲ್ ವಾಸನೆ, ಬಿಳಿ ಬಣ್ಣದ ಕಬ್ಬಿಣದ ಮಂಚಗಳು, ಪ್ರತಿ ಕೋಣೆಗೂ ಕಿಟಕಿ. ನಾನು ಒಂದೊಂದನ್ನೇ ಪರೀಕ್ಷಿಸುತ್ತ ಹೋದೆ. ಬಚ್ಚಲಿನ ನೆಲ ಜಾರುತ್ತದೆಯೇ, ರಾತ್ರಿ ಯಾರಿರುತ್ತಾರೆ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡುತ್ತೀರಾ ಎಂದೆಲ್ಲ ಕೇಳಿದೆ. ಡಾಕ್ಟರಮ್ಮ ಬೇಸರವಿಲ್ಲದೆ ಉತ್ತರ ಹೇಳಿದರು. ಅತ್ತೆ ನಮ್ಮ ಹಿಂದೆ ಹಿಂದೆ ಬರುತ್ತಿದ್ದಳು. ಒಂದು ಕೋಣೆಯಲ್ಲಿ ಮೂವರು ಮುದುಕಿಯರು ಮಂಚದ ಮೇಲಿದ್ದದ್ದನ್ನು ನೋಡಿ ಡಾಕ್ಟರಮ್ಮನನ್ನು ಕೇಳಿದಳು:

"ಯವ್ವಾ, ಇವರೆಲ್ಲಾ ನಿನ್ನ ಸೊಸ್ತೇರೇನು?"

"ಹೌದ್ರಿ, ಹಂಗೇ ಅನ್ಕೋರಿ" ಅಂತ ಅವರು ನಕ್ಕರು.

"ಭಾಳ ವಯಸ್ಸಾದ ಮ್ಯಾಲ ತಂದೀದಿ ನೋಡು" ಅಂದಳು ಅತ್ತೆ. ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ. ಕಿಟಕಿಯ ಪಕ್ಕದ ಮಂಚಕ್ಕೆ ಹೋಗಿ, ಅಲ್ಲಿದ್ದ ಹೆಂಗಸಿನ ಕೈ ಹಿಡಿದುಕೊಂಡು ತನ್ನ ಹಳೆಯ ಪ್ರಶ್ನೆ ಕೇಳಿದಳು.

"ತವರಿಗೆ ಹೋಗಿ ಎಷ್ಟ ದಿನ ಆತು ಬೇ?"

"ಕರಿಯಾಕ ಇನ್ನಾ ಯಾರೂ ಬಂದಿಲ್ರಿ" ಅಂದಳು ಆಕೆ.

ಹಾಗೆ ಅನ್ನುವ ಮುಂಚೆ ಆಕೆ ಅತ್ತೆಯ ಬೆನ್ನ ಹಿಂದೆ ನಿಂತಿದ್ದ ಆಯಾಳ ಕಡೆ ನೋಡಿದಳು. ಇದನ್ನು ನಾನು ಅವತ್ತೇ ಕಂಡೆನೋ, ಆಮೇಲೆ ಮನಸ್ಸು ಸೇರಿಸಿತೋ ಹೇಳಲಾರೆ. ಅವತ್ತು ನನ್ನ ತಲೆಯಲ್ಲಿ ಬಂದದ್ದು ಬೇರೆ. ಸದ್ಯ, ಇಲ್ಲಿ ಅತ್ತೆಗೆ ಮಾತಾಡಲು ಜನ ಇದ್ದಾರೆ ಅಂದುಕೊಂಡೆ. ದಿನಚರಿಯಲ್ಲಿ ಆ ಸಾಲೂ ಇದೆ.

ಡಾಕ್ಟರಮ್ಮ ನಮ್ಮನ್ನು ತಮ್ಮ ಕೋಣೆಯಲ್ಲಿ ಕೂರಿಸಿ ಚಹಾ ಹೇಳಿದರು. ಅಷ್ಟರಲ್ಲಿ ಆಯಾ ಬಂದು "ಹಿಂದಿನ ಬಚ್ಚಲಾ ತೆರದೇನ್ರಿ, ನೋಡ್ತೀರೇನು?" ಅಂದಳು. ನಾನು ಎದ್ದು ಹೋದೆ. ಡಾಕ್ಟರಮ್ಮನೂ ಬಂದರು. ಕೋಣೆಯಲ್ಲಿ ಉಳಿದದ್ದು ಅತ್ತೆ ಮತ್ತು ಅಣ್ಣ. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಗೋಡೆಗೆ ಕಬ್ಬಿಣದ ಸರಳು ಹಾಕಿದ್ದರು. ಅದನ್ನು ಎಳೆದು ನೋಡಿ, ಗಟ್ಟಿ ಇದೆ ಅಂತ ಸಮಾಧಾನಪಟ್ಟು ವಾಪಸು ಬಂದೆ. ಮೇಜಿನ ಮೇಲೆ ಮೂರು ಕಪ್ಪು. ನನ್ನದರಲ್ಲಿ ಕೆನೆ ಕಟ್ಟಿತ್ತು. ಉಳಿದ ಎರಡೂ ಖಾಲಿ.

"ಅತ್ತಿ ಚಾ ಕುಡದ್ಲು" ಅಂದ ಅಣ್ಣ. ಅವನ ಮುಖದಲ್ಲಿ ನಗುವಿತ್ತು.

ನಾನು ಅತ್ತೆಯನ್ನು ನೋಡಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಮನೆ ನೋಡಿ ಬರುವಾಗ ದಾರಿಯುದ್ದಕ್ಕೂ ಅದು ಹಿಂಗ, ಇದು ಹಂಗ ಎಂದು ಹೇಳುವುದು ಅವಳ ಪದ್ಧತಿ. ಅವತ್ತು ಆಳಂದ ಮುಟ್ಟುವ ತನಕ ಒಂದು ಮಾತೂ ಆಡಲಿಲ್ಲ. ದಣಿದಿದ್ದಾಳೆ ಅಂದೆವು.

ಮನೆಯಲ್ಲಿ ವೈನಿ ಕಣ್ಣಲ್ಲಿ ನೀರು ತಂದುಕೊಂಡು "ಅತ್ತಿಗೆ ಹ್ಯಾಂಗ ಅನಸ್ತು?" ಅಂತ ಕೇಳಿದರು. "ಚಾ ಕುಡದ್ಲು ಅಂದ್ರ ಮುಗೀತಲ್ಲ. ಆಕಿದೇ ಒಪ್ಪಿಗಿ ಸಿಕ್ಕದ" ಅಂದ ಅಣ್ಣ. ನಾವು ಮೂವರೂ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆವು. ಹೆಣ್ಣು ಯಾರೆಂದು ತಿಳಿಯದೆ ಕೊಟ್ಟ ಒಪ್ಪಿಗೆ ಅದು. ಆದರೂ ಬಳಗದಲ್ಲಿ ಯಾರು ಕೇಳಿದರೂ ನಾನೂ ಅದನ್ನೇ ಹೇಳಿದೆ.

ಸ್ವಲ್ಪ ದಿನಕ್ಕೆ ಒಂದು ಟ್ರಂಕಿನ ಜೊತೆ ಅವಳನ್ನು ಅಲ್ಲಿ ಬಿಟ್ಟು ಬಂದೆವು. ಹಟ ಮಾಡಲಿಲ್ಲ. ನಮ್ಮಲ್ಲಿ ಹೊಸ ಮದುಮಗಳ ಜೊತೆಗೆ ತವರಿನ ಹಿರಿಯ ಹೆಂಗಸೊಬ್ಬಳು ಹೋಗಿ ಕೆಲವು ದಿನ ಇದ್ದು ಬರುವುದುಂಟು. ಹಾಗೆ ಬಂದಿದ್ದೇನೆ ಅಂದುಕೊಂಡಿದ್ದಳೋ ಏನೋ, ಬಾಗಿಲಲ್ಲಿ ನಿಂತು "ಹುಡುಗಿ ಒಳಗ ಹ್ವಾದ್ಲೇನು?" ಅಂತ ಕೇಳಿದಳು. "ಹ್ವಾದ್ಲತ್ತಿ" ಅಂದೆ ನಾನು.

ಅದು ಕೆಟ್ಟ ಜಾಗವಾಗಿರಲಿಲ್ಲ. ಇದನ್ನು ನಾನು ಬರೆಯಲೇಬೇಕು. ಹೋದಾಗಲೆಲ್ಲ ಅತ್ತೆಯ ತಲೆ ಬಾಚಿರುತ್ತಿತ್ತು, ಸೀರೆ ಶುಭ್ರವಾಗಿರುತ್ತಿತ್ತು. ಹಾಗೆ ಒಂದು ಸಲ, ಎರಡನೆಯದೋ ಮೂರನೆಯದೋ, ಹೋದಾಗ ಆಯಾ ನನ್ನನ್ನು ವರಾಂಡದಲ್ಲಿ ಹಿಡಿದು ನಿಲ್ಲಿಸಿ ಬಹಳ ಗೌರವದಿಂದ ಹೇಳಿದಳು:

"ನಿಮ್ಮ ಅತ್ತಿ ಭಾಳ ಭಕ್ತಿಯವ್ರು ನೋಡ್ರಿ ಅಕ್ಕಾರ. ಊಟಾನೇನೋ ಕಾಡಿಬೇಡಿ ಉಣಸ್ತೇವು. ಚಾ ಮಾತ್ರ ಬಂದ ದಿವಸದಿಂದ ಒಂದ ಗುಟುಕು ಮುಟ್ಟಿಲ್ರಿ. ಕೊಟ್ರ ಕೈ ಮುಗಿತಾರ. ಇವತ್ತ ನಂದು ಉಪವಾಸ ಅದರಿ ಅಂತಾರ. ದಿನಾ ಉಪವಾಸ!"

ನಾನು ಒಳಗೆ ಹೋದೆ. ಅತ್ತೆ ಮಂಚದ ಅಂಚಿನಲ್ಲಿ ಕೂತಿದ್ದಳು. ಪಕ್ಕದ ಸ್ಟೂಲಿನ ಮೇಲೆ ತುಂಬಿದ ಕಪ್ಪಿನಲ್ಲಿ ಚಹಾ ಆರಿ ಹೋಗಿತ್ತು. ನನ್ನನ್ನು ಗುರುತಿಸಲಿಲ್ಲ. ಆದರೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ನಾನು ಕೂತ ಮೇಲೆ ನನ್ನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೇಳಿದಳು.

"ತವರಿಗೆ ಹೋಗಿ ಎಷ್ಟ ದಿನ ಆತು ಬೇ?"

"ಈಗ ಬಂದೇನಿ ಅತ್ತಿ" ಅಂದೆ.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಕಣ್ಣು ಬಾಗಿಲಿನ ಕಡೆ ಹೋಯಿತು, ಅದನ್ನು ತಡೆಯಲು ನನಗಾಗಲಿಲ್ಲ.

ಅತ್ತೆ ಅಲ್ಲಿ ವರ್ಷದ ಮೇಲೆ ಇದ್ದಳು. ಕರೆದುಕೊಂಡು ಬರುವ ಮಾತು ಎಷ್ಟೋ ಸಲ ಎದ್ದಿತು. ಪ್ರತಿ ಸಲವೂ ವೈನಿಯ ಬೆನ್ನು, ನನ್ನ ಬೀಗ ಅಡ್ಡ ಬಂದವು. ಅವೆರಡೂ ನಿಜವೇ. ಅವಳನ್ನು ಕೊನೆಗೆ ಮಾದನಹಿಪ್ಪರಗಾಕ್ಕೆ ತಂದದ್ದು ಮಣ್ಣಿಗೆ.

ಆಯಾ ಉಪವಾಸದ ಮಾತು ಹೇಳಿದ ದಿನ ನಾನು ಜೇವರ್ಗಿಗೆ ಹೋಗದೆ ಆಳಂದದ ಬಸ್ಸು ಹತ್ತಿದ್ದೆ. ಅಣ್ಣ ಅಂಗಡಿಯಲ್ಲಿದ್ದ. ನನ್ನನ್ನು ನೋಡಿ ಖುಷಿಯಾಗಿ ಪಕ್ಕದ ಹೋಟೆಲಿನಿಂದ ಚಹಾ ತರಿಸಿದ. ಆಯಾ ಹೇಳಿದ್ದನ್ನು ಅವನಿಗೆ ಹೇಳಿದೆ. ಆಮೇಲೆ ಒಂದು ಮಾತು ಕೇಳಿದೆ. ಅವನು ತನ್ನ ಕಪ್ಪನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟ. ಯಾವ ಗಿರಾಕಿಯೂ ಇರಲಿಲ್ಲ, ಆದರೂ ಎದ್ದು ಬಟ್ಟೆಯ ಒಂದು ಥಾನು ಬಿಚ್ಚಿ ಮತ್ತೆ ಮಡಚತೊಡಗಿದ. ಹಟ ಹಿಡಿದು ಮತ್ತೆ ಕೇಳಲು ನನಗೆ ಧೈರ್ಯ ಬರಲಿಲ್ಲ. ಅವನು ಹೌದು ಅಂದಿದ್ದರೂ ಇಲ್ಲ ಅಂದಿದ್ದರೂ ನಾನು ಏನು ಮಾಡುತ್ತಿದ್ದೆ ಎಂಬುದು ನನಗೆ ಗೊತ್ತಿಲ್ಲ. ಇಷ್ಟು ವರ್ಷವಾಯಿತು, ಹಬ್ಬ ಹುಣ್ಣಿಮೆಗೆ ಸೇರುತ್ತೇವೆ, ನಗುತ್ತೇವೆ. ಹುಳುಕು ಬದನೆಕಾಯಿ ಬಂದರೆ ಈಗ ಯಾರೂ ಆ ಹಳೆಯ ಮಾತು ಆಡುವುದಿಲ್ಲ.

ಅವತ್ತು ನಾನು ಕೇಳಿದ್ದು ಇಷ್ಟೇ:

"ಅಣ್ಣಾ, ಆ ದಿನಾ ಚಾ ಅತ್ತಿನೇ ಕುಡದ್ಲೇನು? ಇಲ್ಲಾ ನೀ ಸಣ್ಣಾಂವಿದ್ದಾಗಿನಂಗ ಕಪ್ಪು ನಿನ್ನ ಕಡಿಗಿ ಸರಸಿದ್ಲೇನು?"